ಬಸ್ಸು ಸುಟ್ಟವನಿಗೆ ಆಶ್ರಯ ಸಿಗಬೇಕಿತ್ತಾ?

ಪ್ರಶ್ನೆ

ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೇನೆ. ನಮ್ಮ ಮೂಟ್ ಕೋರ್ಟಿಗೆ (ವಿದ್ಯಾರ್ಥಿಗಳ ಅಣಕು ನ್ಯಾಯಾಲಯಕ್ಕೆ) ಅಮೆರಿಕದ ಸುಪ್ರೀಂ ಕೋರ್ಟಿನ 1999ರ ತೀರ್ಪೊಂದನ್ನು ಕೊಟ್ಟಿದ್ದಾರೆ. ಗ್ವಾಟೆಮಾಲಾದ ವಿದ್ಯಾರ್ಥಿ ಹೋರಾಟಗಾರನ ಕೇಸು. ಬಸ್ ದರ ಏರಿತ್ತು. ವಿದ್ಯಾರ್ಥಿಗಳು ಕಾಣೆಯಾದರೂ ಸರ್ಕಾರ ತನಿಖೆ ಮಾಡುತ್ತಿರಲಿಲ್ಲ. ಅದಕ್ಕೆ ಇವನೂ ಜೊತೆಗಾರರೂ ಸುಮಾರು ಹತ್ತು ಬಸ್ಸುಗಳಿಗೆ ಬೆಂಕಿ ಹಚ್ಚಿದರು, ಅಂಗಡಿಗಳನ್ನು ಒಡೆದರು. 1993ರಲ್ಲಿ ಅವನು ಅಮೆರಿಕಕ್ಕೆ ಬಂದ, ಆಮೇಲೆ ಆಶ್ರಯ ಕೇಳಿದ. ಕೆಳಗಿನ ಕೋರ್ಟು ಅವನ ಪರ ಹೇಳಿತ್ತು. ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಅದನ್ನು ತಳ್ಳಿಹಾಕಿದರು. ದುಡ್ಡಿಗಾಗಿ ಮಾಡಿದ್ದಲ್ಲ, ಅಲ್ವಾ? ಮತ್ತೆ ಇದು ರಾಜಕೀಯ ಅಪರಾಧ ಯಾಕಲ್ಲ? ಎರಡು ದಿನದಿಂದ ಇದೇ ತಲೆಯಲ್ಲಿದೆ.

ಉತ್ತರ 1

ತೀರ್ಪಿನಲ್ಲಿ ಪ್ರಯಾಣಿಕರ ಬಗ್ಗೆ ಇರುವುದನ್ನು ಇನ್ನೊಮ್ಮೆ ಓದಿ. ಬಸ್ಸಿನಿಂದ ಇಳಿಯದವರಿಗೆ ಕಲ್ಲು ಹೊಡೆದರು, ದೊಣ್ಣೆಯಿಂದ ಬಡಿದರು, ಕಟ್ಟಿಹಾಕಿದರು. ಆ ಜನ ಸರ್ಕಾರದವರಲ್ಲ.

ಉತ್ತರ 2

ನಾನು ಲಂಡನ್‌ನಲ್ಲಿ ವಲಸೆ ಕೇಸುಗಳ ವಕೀಲ. ಮೊದಲವರು ಹೇಳಿದ್ದು ಸರಿ. 1951ರ ನಿರಾಶ್ರಿತರ ಒಪ್ಪಂದದ 1ಎಫ್(ಬಿ) ವಿಧಿಯ ಪ್ರಕಾರ, ಬರುವ ಮೊದಲು ಹೊರದೇಶದಲ್ಲಿ ಗಂಭೀರವಾದ, ರಾಜಕೀಯವಲ್ಲದ ಅಪರಾಧ ಮಾಡಿದವರಿಗೆ ಆ ಒಪ್ಪಂದದ ರಕ್ಷಣೆ ಇಲ್ಲ. ಶಿಕ್ಷೆ ಆಗಿರಬೇಕು ಅಂತಿಲ್ಲ, ಹಾಗೆ ನಂಬಲು ಗಟ್ಟಿ ಕಾರಣ ಇದ್ದರೆ ಸಾಕು. ಆಗ ನಮ್ಮ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1996ರಲ್ಲಿ ಅಲ್ಜೀರಿಯಾದವನೊಬ್ಬನ ಕೇಸಿನಲ್ಲಿ ಗೆರೆ ಎಳೆಯಿತು. ಅವನು ಸಂಚಿನಲ್ಲಿದ್ದ ಅಲ್ಜೀರ್ಸ್ ವಿಮಾನ ನಿಲ್ದಾಣದ ಬಾಂಬಿಗೆ ಹತ್ತು ಜನ ಸತ್ತಿದ್ದರು. ಉದ್ದೇಶ ರಾಜಕೀಯವಾಗಿದ್ದರೆ ಸಾಲದು, ಮಾಡಿದ ಕೆಲಸಕ್ಕೂ ಆ ಉದ್ದೇಶಕ್ಕೂ ಹತ್ತಿರದ, ನೇರ ನಂಟು ಇರಬೇಕು ಎಂದರು. ಗುರಿ ಸೇನೆಯೋ ಸಾಮಾನ್ಯ ಜನರೋ ಅಂತಲೂ ನೋಡುತ್ತಾರೆ.

ನನ್ನ ಕಕ್ಷಿದಾರರಿಗೆ ಇದನ್ನು ಹೇಳುವುದು ಕಷ್ಟ. ಹೋರಾಟ ನ್ಯಾಯವಾದದ್ದೇ ಇರುತ್ತದೆ. ಆದರೂ ಆ ಬಸ್ಸಿನಲ್ಲಿ ಕೂತಿದ್ದವರನ್ನು ನಾನು ಮರೆಯಲಾರೆ.

ಪ್ರಶ್ನೆ ಕೇಳಿದವರು

ಸರ್, ನನಗೆ ಬಂದಿರುವುದು ವಿದ್ಯಾರ್ಥಿಯ ಪರ ವಾದ. ವಾಪಸ್ ಹೋದರೆ ಅವನಿಗೆ ಆಗುವ ಅಪಾಯವನ್ನೂ ತೂಗಬೇಕು ಅನ್ನಬಹುದಾ?

ಉತ್ತರ 2

ಖಂಡಿತ ಅನ್ನಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕೈಪಿಡಿ ಹಾಗೇ ಹೇಳುತ್ತದೆ. ಆ ಕೈಪಿಡಿಗೆ ತಾನು ಬದ್ಧವಲ್ಲ ಎಂದು ಅಮೆರಿಕದ ಕೋರ್ಟು ಹೇಳಿತು, ಅದಕ್ಕೆ ಉತ್ತರ ಸಿದ್ಧ ಮಾಡಿಕೊಳ್ಳಿ. ಜೊತೆಗೆ 1984ರ ಚಿತ್ರಹಿಂಸೆ ವಿರೋಧಿ ಒಪ್ಪಂದದ 3ನೇ ವಿಧಿ ಓದಿ. ಚಿತ್ರಹಿಂಸೆ ಆಗುವ ಕಡೆಗೆ ಯಾರನ್ನೂ ಕಳಿಸಬಾರದು ಅನ್ನುತ್ತದೆ. ಅಲ್ಲಿ ಅಪರಾಧಿಗೆ ಅಂತ ಬೇರೆ ನಿಯಮ ಇಲ್ಲ.