ಕಡಲ ಪಕ್ಕ ಮನೆ ಕೊಳ್ಳುವ ಮೊದಲು ಕೌನ್ಸಿಲ್ ಕಡತ ನೋಡಿ

ಮಕ್ಕಳನ್ನು ಕರೆದುಕೊಂಡು ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಿಂದ ಅದರ ಉತ್ತರಕ್ಕಿರುವ ಕಡಲತೀರದ ಕಾಪಿಟಿ ಕೋಸ್ಟ್ ಕಡೆಗೆ ಬರಬಹುದಾ ಅಂತ ಕೇಳಿದ್ದೀರಿ. ಶಾಲೆ, ರೈಲಿನ ಬಗ್ಗೆ ಆಗಲೇ ಉತ್ತರ ಬಂದಿದೆ. ಇಲ್ಲಿನ ವೈಕನೈ ಊರಿನಿಂದ ವೆಲ್ಲಿಂಗ್ಟನ್ ಪೇಟೆಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. 2022ರಲ್ಲಿ ಟ್ರಾನ್ಸ್‌ಮಿಷನ್ ಗಲ್ಲಿ ಎಂಬ ಹೆದ್ದಾರಿ ತೆರೆದ ಮೇಲೆ ಕಾರಿನ ದಾರಿಯೂ ಸಲೀಸು. ಆದರೆ ಒಂದು ಮಾತು ಯಾರೂ ಹೇಳಲಿಲ್ಲ. ಮನೆ ನೋಡುವಷ್ಟೇ ಗಮನ ಕೊಟ್ಟು ಅಲ್ಲಿನ ಕೌನ್ಸಿಲ್ಲನ್ನೂ, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತವನ್ನೂ, ನೋಡಿ.

ನಾನು ಉಳ್ಳಾಲದ ಕಡೆಯವಳು. ಕಡಲ್ಕೊರೆತವನ್ನು ನನಗೆ ಯಾರೂ ಪಾಠ ಮಾಡಿ ಹೇಳಬೇಕಿಲ್ಲ. ಅಜ್ಜಿ ಮನೆಯ ಹಿಂದಿನ ತೆಂಗಿನ ಸಾಲು ಒಂದೊಂದು ಮಳೆಗಾಲಕ್ಕೆ ಒಂದೊಂದು ಮರದಂತೆ ಹೋಯಿತು. ಲಾರಿಯಲ್ಲಿ ಬಂಡೆಕಲ್ಲು ತಂದು ಸುರಿಯುತ್ತಿದ್ದರು, ಮರುವರ್ಷ ಅದೂ ಮರಳಿನೊಳಗೆ. ಹಾಗಾಗಿ ಕಾಪಿಟಿಯ ಕಡಲಂಚಿನ ರೌಮತಿಯಲ್ಲಿ ಮನೆ ನೋಡಲು ಹೋದಾಗ ನಮ್ಮವರು ಕಿಟಕಿಯಾಚೆ ಕಾಪಿಟಿ ದ್ವೀಪ ನೋಡಿ ಮರುಳಾಗಿದ್ದರೆ, ನಾನು ಹಿತ್ತಿಲ ತುದಿಯ ಮರದ ತಡೆಗೋಡೆಯನ್ನೇ ನೋಡುತ್ತಿದ್ದೆ. 1976ರ ಬಿರುಗಾಳಿಯಲ್ಲಿ ಈ ತೀರಕ್ಕೆ ಚೆನ್ನಾಗಿಯೇ ಪೆಟ್ಟು ಬಿದ್ದಿತ್ತು.

ಇಲ್ಲಿ ಒಂದು ದೊಡ್ಡ ಜಗಳವೂ ನಡೆದಿದೆ. 2012ರಲ್ಲಿ ಕೌನ್ಸಿಲ್, ಮುಂದಿನ 50 ಮತ್ತು 100 ವರ್ಷದಲ್ಲಿ ಕಡಲು ಎಲ್ಲಿವರೆಗೆ ಬರಬಹುದು ಅಂತ ನಕ್ಷೆಯ ಮೇಲೆ ಗೆರೆ ಎಳೆಯಿತು. ಸುಮಾರು 1,800 ಆಸ್ತಿಗಳು ಆ ಗೆರೆಯೊಳಗೆ ಬಿದ್ದವು. ಅದನ್ನು ಲಿಮ್ ರಿಪೋರ್ಟಿನಲ್ಲೂ ಹಾಕಿದರು. ಲಿಮ್ ಅಂದರೆ ಆ ಜಾಗದ ಬಗ್ಗೆ ಕೌನ್ಸಿಲ್ಲಿಗೆ ಗೊತ್ತಿರುವುದೆಲ್ಲ ಇರುವ ಕಡತ, ಮನೆ ಕೊಳ್ಳುವವರು ದುಡ್ಡು ಕಟ್ಟಿ ತರಿಸಿಕೊಳ್ಳುವುದು. ನಿದ್ದೆ ಮಾಡಿ ಏಳುವುದರೊಳಗೆ ಮನೆಯ ಬೆಲೆಗೆ ಕತ್ತರಿ ಬಿದ್ದರೆ ಯಾರು ಸುಮ್ನಿರ್ತಾರೆ? ಹೈಕೋರ್ಟಿಗೆ ಹೋದರು. ಅಪಾಯ ಇದ್ದರೆ ತಿಳಿಸಬೇಕು ನಿಜ, ಆದರೆ ಹೀಗೆ ತಪ್ಪು ಅರ್ಥ ಬರುವಂತೆ ಅಲ್ಲ ಎಂಬ ಧಾಟಿಯಲ್ಲಿ 2013ರಲ್ಲಿ ತೀರ್ಪು ಬಂತು. ಮರುವರ್ಷ ಕೌನ್ಸಿಲ್ ಆ ಗೆರೆಗಳನ್ನು ವಾಪಸ್ ತೆಗೆದುಕೊಂಡಿತು.

ಗೆರೆ ಹೋಯಿತು, ಕಡಲು ಅಲ್ಲೇ ಇದೆ! ನನಗಂತೂ ಗೆರೆ ಎಳೆದವರ ಮೇಲೆ ಸಿಟ್ಟಿಲ್ಲ. ನಮ್ಮೂರಲ್ಲಿ ಒಬ್ಬರಾದರೂ ಮೊದಲೇ ಗೆರೆ ಎಳೆದು ತೋರಿಸಿದ್ದರೆ ಅಜ್ಜಿ ಹಿಂದಿನ ಕೋಣೆ ಕಟ್ಟಿಸುತ್ತಿರಲಿಲ್ಲ. ನಾವು ಕೊನೆಗೆ ತೀರ ಬಿಟ್ಟು ಒಳಗೆ, ವೈಕನೈನಲ್ಲಿ ಮನೆ ತೆಗೆದುಕೊಂಡೆವು. ಕಡಲಿಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ, ಸಾಕು.

ಪೊರಿರುವಾದ ಅಕ್ಕ ನೀರಿನ ಬಿಲ್ಲಿನ ಬಗ್ಗೆ ಕೇಳಿದ್ದರು. ಹೌದು ಅಕ್ಕ, ಇಲ್ಲಿ ಮನೆಮನೆಗೂ ಮೀಟರ್ ಇದೆ. 2014ರಿಂದ ಬಳಸಿದಷ್ಟಕ್ಕೆ ದುಡ್ಡು. ಆಗ ಜನ ಬೈದದ್ದು ಅಷ್ಟಿಷ್ಟಲ್ಲವಂತೆ. ಆದರೆ ಮೀಟರ್ ಬಂದ ಮೇಲೆ ನೀರಿನ ಬಳಕೆ ಸುಮಾರು ಕಾಲು ಭಾಗ ಇಳಿಯಿತು. ಅದರಲ್ಲಿ ಜಾಸ್ತಿ ಪಾಲು ಸೋರಿಕೆ ನಿಂತದ್ದರಿಂದ. ನಮ್ಮದೂ ಒಂದು ಸೋರಿಕೆ ಇತ್ತು. ಫೆಬ್ರವರಿಯ ಬಿಸಿಲಿಗೆ ಅಂಗಳದ ಹುಲ್ಲೆಲ್ಲ ಒಣಗಿ ಚಾಪೆಯಂತಾಗಿತ್ತು. ಊರಿಂದ ಬಂದಿದ್ದ ಅಪ್ಪ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ನಿಂತು, "ಇಲ್ಲಿ ಮಾತ್ರ ತಟ್ಟೆಯಗಲ ಹಸಿರು ಉಂಟಲ್ಲ, ಎಂಥ ಇದು?" ಅಂದರು. ಅಗೆದು ನೋಡಿದರೆ ಪೈಪು ಬಿರುಕು ಬಿಟ್ಟಿತ್ತು. ಮುಂದಿನ ಬಿಲ್ಲು ನೋಡಿದಾಗ ಆ ತಟ್ಟೆಯಗಲದ ಹಸಿರಿನ ಬೆಲೆ ಗೊತ್ತಾಯಿತು.

ನೀರು ಬರುವುದು ವೈಕನೈ ನದಿಯಿಂದ. ಮೊದಲು ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಸೇರಿಸುತ್ತಿದ್ದರು, ಆ ರುಚಿ ಜನಕ್ಕೆ ಹಿಡಿಸಲಿಲ್ಲ. ಈಗ ಜನಕ್ಕೆ ನದಿ ನೀರು, ನದಿಗೆ ಬೋರ್‌ವೆಲ್ ನೀರು. ಅಂದರೆ ನದಿ ಬತ್ತಿದಾಗ ನೀರು ಎತ್ತುವ ಜಾಗದ ಕೆಳಗೆ ಬೋರ್‌ವೆಲ್ ನೀರು ಬಿಟ್ಟು ಹರಿವು ಉಳಿಸುತ್ತಾರೆ. ನನ್ನ ಮಗ ಇದನ್ನು ಶಾಲೆಯಲ್ಲಿ ಚಿತ್ರ ಬರೆದು ವಿವರಿಸಿದ್ದಾನೆ.

ಕಸ ಮಾತ್ರ ಕೌನ್ಸಿಲ್ ಎತ್ತುವುದಿಲ್ಲ. ಖಾಸಗಿಯವರನ್ನು ನೀವೇ ಗೊತ್ತು ಮಾಡಿಕೊಳ್ಳಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಶಾಲೆ ಕೇಂದ್ರ ಸರ್ಕಾರದ್ದು, ರೈಲು ಇಡೀ ವೆಲ್ಲಿಂಗ್ಟನ್ ಪ್ರದೇಶ ನೋಡಿಕೊಳ್ಳುವ ರೀಜನಲ್ ಕೌನ್ಸಿಲ್ಲಿನದು. ಲೈಬ್ರರಿ, ಈಜುಕೊಳ, ಆಟದ ಮೈದಾನ ಕಾಪಿಟಿ ಕೌನ್ಸಿಲ್ಲಿನದು. ಮಕ್ಕಳ ಸಂಜೆ ಕಳೆಯುವುದೇ ಅಲ್ಲಿ, ಅಲ್ವಾ?

ಇನ್ನೊಂದು ವಿಷಯ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇಲ್ಲಿ ಓಟು ಹಾಕಲು ಪಾಸ್‌ಪೋರ್ಟ್ ಬದಲಿಸಬೇಕಿಲ್ಲ. ರೆಸಿಡೆಂಟ್ ವೀಸಾ ಇದ್ದು, ದೇಶದಲ್ಲಿ ಒಂದು ವರ್ಷ ಸತತವಾಗಿ ಇದ್ದು, 18 ತುಂಬಿದ್ದರೆ ಹೆಸರು ನೋಂದಾಯಿಸಬಹುದು. ಮೂರು ವರ್ಷಕ್ಕೊಮ್ಮೆ ಕೌನ್ಸಿಲ್ ಚುನಾವಣೆ, ಚೀಟಿ ಅಂಚೆಯಲ್ಲೇ ಮನೆಗೆ ಬರುತ್ತದೆ. ಕಾಪಿಟಿಯಲ್ಲಿ ಟಿಕ್ ಹಾಕುವುದಲ್ಲ, ಇಷ್ಟದ ಕ್ರಮದಲ್ಲಿ 1, 2, 3 ಅಂತ ಅಂಕಿ ಬರೆಯಬೇಕು.

ಕಳೆದ ಸಲ ಊಟದ ಮೇಜಿನ ಮೇಲೆ ಚೀಟಿ ಹರಡಿಕೊಂಡು ಕೂತಿದ್ದೆ. ಮಗಳು ಅಭ್ಯರ್ಥಿಗಳ ಪುಸ್ತಿಕೆ ಎಳೆದುಕೊಂಡು, "ಲೈಬ್ರರಿ ದೊಡ್ಡದು ಮಾಡ್ತೀನಿ ಅಂತ ಯಾರು ಬರೆದಿದ್ದಾರೋ ಅವರಿಗೆ ಒಂದು ಹಾಕಮ್ಮ" ಅಂದಳು. ವೈಕನೈ ಲೈಬ್ರರಿ ಕಟ್ಟಡ ಬೂಷ್ಟು ಹಿಡಿದು 2018ರಲ್ಲಿ ಮುಚ್ಚಿತ್ತು, ಆಮೇಲೆ ಚಿಕ್ಕ ಜಾಗದಲ್ಲೇ ನಡೆಸುತ್ತಿದ್ದರು. ಅವಳ ಮಾತಿಗೆ ಒಂದು ಹಾಕಿದೆ, ನನ್ನ ಮಾತಿಗೆ ಎರಡು.

ನೀವು ನೋಡಿರುವ ಮನೆಗೆ ಲಿಮ್ ಕೇಳಿ ಹಾಕಿ, ಹತ್ತು ಕೆಲಸದ ದಿನದೊಳಗೆ ಕೊಡಲೇಬೇಕು. ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ಕೂತು ಒಟ್ಟಿಗೆ ಓದೋಣ.