ಅಪ್ಪನ ಪದ್ಮಿನಿಗೆ ತುಕ್ಕು ಹಿಡಿದಿದೆ, ಎಲ್ಲಿಂದ ಶುರು ಮಾಡಲಿ?

ಚಿತ್ರದುರ್ಗದಿಂದ ಪ್ರಶ್ನೆ:
ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಕಾರು ಹದಿನಾಲ್ಕು ವರ್ಷದಿಂದ ಹಿತ್ತಲ ಶೆಡ್ಡಿನಲ್ಲಿ ನಿಂತಿದೆ. ನೆಲ, ಬಾಗಿಲ ಕೆಳಗೆಲ್ಲ ತುಕ್ಕು. ಎಂಜಿನ್ ಜಾಮ್. ಅವಸರ ಏನಿಲ್ಲ, ಭಾನುವಾರ ಭಾನುವಾರ ಕೂತು ನಾನೇ ಸರಿ ಮಾಡಬೇಕು ಅಂತ ಆಸೆ. ಮಾಡಿದವರು ಇದ್ದರೆ ಅನುಭವ ಹೇಳಿ.

ದಾವಣಗೆರೆಯಿಂದ:
ಸದ್ಯಕ್ಕೆ ಎಂಜಿನ್ ಮರೆತುಬಿಡಿ. ಮ್ಯಾಟ್ ಎತ್ತಿ ನೆಲ ನೋಡಿ. ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿ (ಭಾರ ಹೊರುವ ಅಡಿ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ನೆಲ ಮತ್ತು ಬಾಗಿಲ ಕೆಳಗಿನ ಸಿಲ್ ತಿಂದುಹೋಗಿದ್ದರೆ ಮೇಲೆ ಎಷ್ಟು ಚೆಂದ ಪೇಂಟ್ ಹೊಡೆದರೂ ಸುಖ ಇಲ್ಲ.

ನನ್ನದು 1978ರ ಗಾಡಿ, ಏಳು ವರ್ಷದಿಂದ ಕೆಲಸ ನಡೀತಾ ಇದೆ. ಮೊದಲ ದಿನ ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ತಗಡು ಠಣ್ ಅನ್ನುತ್ತದೆ. ಒಂದು ಕಡೆ ಬೊದ್ ಅಂತು. ಮೊನೆಯಿಂದ ಒತ್ತಿದೆ, ಹಪ್ಪಳ ಮುರಿದ ಹಾಗೆ ಒಳಗೇ ಹೋಯಿತು. ಅಲ್ಲಿ ತಗಡೇ ಇರಲಿಲ್ಲ, ಹಿಂದೆ ಯಾರೋ ಗೇಣುದ್ದ ಪುಟ್ಟಿ ಮೆತ್ತಿದ್ದರು. ಪುಟ್ಟಿ ತೇವ ಹೀರುತ್ತದೆ, ಒಳಗೊಳಗೇ ತುಕ್ಕು ಬೆಳೆಯುತ್ತದೆ. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆಯಿರಿ. 20 ಗೇಜ್ ತಗಡು ಹಾಕಿ ಸಿಒಟು ವೆಲ್ಡಿಂಗ್ (ತಂತಿ ಕರಗಿಸಿ ಮಾಡುವ ಕರೆಂಟ್ ವೆಲ್ಡಿಂಗ್) ಮಾಡಿಸಿ. ಗ್ಯಾಸ್ ವೆಲ್ಡಿಂಗ್ ಕಾವಿಗೆ ಅಗಲದ ತಗಡು ಸೊಟ್ಟ ಆಗುತ್ತದೆ.

ಸಿಲ್ ಮಾತ್ರ ಒಂದು ಸಲಕ್ಕೆ ಒಂದೇ ಕಡೆ ಕತ್ತರಿಸಿ, ಅದೂ ಬಾಡಿ ಕುಸಿಯದ ಹಾಗೆ ಒಳಗೆ ಅಡ್ಡಕ್ಕೆ ಪೈಪ್ ಇಟ್ಟು ತಾತ್ಕಾಲಿಕವಾಗಿ ಚುಕ್ಕಿ ವೆಲ್ಡಿಂಗ್ (ಟ್ಯಾಕ್) ಹಾಕಿದ ಮೇಲೆ. ನಾನು ಎರಡೂ ಕಡೆ ಒಟ್ಟಿಗೆ ಕತ್ತರಿಸಿದೆ. ಬಾಡಿ ಸ್ವಲ್ಪ ಕುಸಿಯಿತು. ಡ್ರೈವರ್ ಬಾಗಿಲನ್ನು ಇವತ್ತಿಗೂ ಎತ್ತಿ ಹಾಕಬೇಕು.

ತುಕ್ಕು ಕೆರೆದ ದಿನವೇ ಪ್ರೈಮರ್ ಹೊಡೆಯಿರಿ. ನಮ್ಮ ಕಡೆ ಒಣ ಹವೆ, ಮುಂದಿನ ಭಾನುವಾರ ನೋಡಿದರಾಯ್ತು ಅಂತ ನಾನೂ ಬಿಟ್ಟಿದ್ದೆ. ಬಂದು ನೋಡಿದರೆ ಬೆವರಿದ ಕೈ ತಾಕಿದ ಕಡೆಯೆಲ್ಲ ನನ್ನ ಬೆರಳಚ್ಚು ಕೆಂಪಗೆ ಮೂಡಿತ್ತು. ರೆಡ್ ಆಕ್ಸೈಡ್ ಅಗ್ಗ, ಆದರೆ ತೇವ ತಡೆಯುವುದಿಲ್ಲ. ದುಡ್ಡು ಜಾಸ್ತಿ ಆದರೂ ಎಪಾಕ್ಸಿ ಪ್ರೈಮರೇ ಇರಲಿ.

ಹರಿಹರದಿಂದ:
ಎಂಜಿನ್ ಬಗ್ಗೆ ನಾನು ಹೇಳ್ತೀನಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸ್ವಲ್ಪ ಸುರಿಯಿರಿ. ವಾರ, ಹತ್ತು ದಿನ ಹಾಗೇ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಹಗ್ಗ ಕಟ್ಟಿ ಎಳೆಸಬೇಡಿ, ಎಂಜಿನ್ ಒಳಗಿನ ಪಿಸ್ಟನ್ ರಿಂಗ್ ಮುರಿಯುತ್ತವೆ. ಪೆಟ್ರೋಲ್ ಟ್ಯಾಂಕ್ ತೂತಾಗಿದ್ದರೆ ನೀವೇ ವೆಲ್ಡಿಂಗ್‌ಗೆ ಕೈ ಹಾಕಲೇಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ.

ಸಿಗದ ಪಿನ್ನು, ಬುಷ್ಷು ಇದ್ದರೆ ಇಲ್ಲಿಗೆ ತನ್ನಿ. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಊರು ಇದು, ಲೇತ್ ಕೆಲಸ ಬಲ್ಲ ಕೈಗಳು ಇನ್ನೂ ಇವೆ. ಸವೆದ ಹಳೇ ಪೀಸ್ ಎಸೆಯಬೇಡಿ, ಅಳತೆಗೆ ಅದೇ ಬೇಕು.

ಹೊಳಲ್ಕೆರೆಯಿಂದ:
ಆರ್‌ಸಿ ನೋಡಿದಿರಾ? 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಂಟೇಜ್ ಅಂತ ಮಾಡಿಸೋಣ ಅಂದರೆ 2021ರ ಕೇಂದ್ರದ ನಿಯಮದಂತೆ ಗಾಡಿಗೆ 50 ವರ್ಷ ದಾಟಿರಬೇಕು. ನಿಮ್ಮದು 1984, ಈಗಲೇ ಆಗಲ್ಲ. ಅಪ್ಪನ ಹೆಸರಲ್ಲೇ ಇದ್ದರೆ ಕಾಗದ ಪತ್ರದ ಕೆಲಸ ಮೊದಲು ಮುಗಿಸಿ.

ದಾವಣಗೆರೆಯಿಂದ ಮತ್ತೆ:
ಒಂದು ಮರೆತೆ. ಬಿಚ್ಚಿದ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಯಾವ ಜಾಗದ್ದು ಅಂತ ಚೀಟಿ ಅಂಟಿಸಿ. ಎರಡು ವರ್ಷ ಬಿಟ್ಟು ಜೋಡಿಸುವಾಗ ಏನೂ ನೆನಪಿರುವುದಿಲ್ಲ.

ಚಿತ್ರದುರ್ಗದಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಟಾರ್ಚ್ ಹಿಡಿದು ತಟ್ಟಿ ಬಂದೆ. ಎಡಗಡೆ ಸಿಲ್ ಮೂರು ಕಡೆ ಬೊದ್ ಅಂತು. ಬಲಗಡೆ ಪೂರ್ತಿ ಠಣ್!