ಸಹಾಯ ಬೇಕು: ಮನೆಗೆ ಮೊದಲ ಗೋಸುಂಬೆ, ಯಾವುದನ್ನು ತರಲಿ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ಹನ್ನೆರಡು ವರ್ಷದ ಮಗಳು ಗೋಸುಂಬೆ ಬೇಕೆಂದು ವರ್ಷದಿಂದ ಬೆನ್ನು ಬಿದ್ದಿದ್ದಾಳೆ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಹೇಳಿದರೆ, ‘ಟಿವಿಯಲ್ಲಿ ಬರುವ ರಾಜಕಾರಣಿಗಳು ಸಾಲದೇ?’ ಎಂದರು. ನಮ್ಮೂರಿನ ಗೋಸುಂಬೆಯನ್ನು ಸಾಕಲು ಅಲ್ಲಿನ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಇಲ್ಲಿ ಸಾಕಣೆಯಲ್ಲೇ ಹುಟ್ಟಿದ ಮರಿಗಳು ಸಿಗುತ್ತವೆ.

ಯೆಮನ್ ಮೂಲದ ವೇಲ್ಡ್ ಜಾತಿಯ ಗೋಸುಂಬೆ ತರಲೇ, ಮಡಗಾಸ್ಕರ್‌ನ ಪ್ಯಾಂಥರ್ ಜಾತಿಯದನ್ನು ತರಲೇ? ವೇಲ್ಡ್ ಗಟ್ಟಿ ಜೀವ, ಬೆಲೆಯೂ ಕಡಿಮೆ, ಆದರೆ ಸಿಡುಕು ಸ್ವಭಾವ. ಅದರ ಹೆಣ್ಣು ಗಂಡಿನ ಜೊತೆಯಿಲ್ಲದೆಯೂ ಹತ್ತಾರು ಮೊಟ್ಟೆಯಿಟ್ಟು ಬಳಲುತ್ತದೆ. ಹಾಗಾಗಿ ಯಾವುದಾದರೂ ಸರಿ, ಗಂಡೇ ಇರಲಿ ಎಂದುಕೊಂಡಿದ್ದೇವೆ.

ನಾಲ್ಕಡಿ ಎತ್ತರದ ಜಾಲರಿ ಗೂಡು ತಂದಾಗಿದೆ. ಒಳಗೆ ದಾಸವಾಳ, ಮನಿಪ್ಲಾಂಟ್, ಅಡ್ಡಡ್ಡ ಕೊಂಬೆಗಳು. ಮೂಳೆ ಸೊರಗದಿರಲು ಯುವಿಬಿ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ) ಟ್ಯೂಬ್‌ಲೈಟ್, ಮೈ ಕಾಯಿಸಿಕೊಳ್ಳಲು ಬೇರೆ ಬಲ್ಬ್. ಅದರ ಕೆಳಗಿನ ಕೊಂಬೆಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬರುತ್ತಿದೆ.

ತೊಡಕಿರುವುದು ನೀರಿನದು. ಬಟ್ಟಲಿನ ನೀರನ್ನು ಇವು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ, ಎಲೆಯ ಮೇಲಿನ ಹನಿಗಳನ್ನೇ ನೆಕ್ಕುತ್ತವೆ. ಎಸಿಯಿಂದಾಗಿ ನಮ್ಮ ಮನೆಯ ಗಾಳಿ ಒಣ. ಕೈಯಲ್ಲೇ ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಸಾಕೇ, ಟೈಮರ್ ಇರುವ ಯಂತ್ರ ಬೇಕೇ? ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋಗುವವರಿದ್ದೇವೆ. ಆಗ ಯಾರ ಬಳಿ ಬಿಡುವುದು? ಇನ್ನೊಂದು ಮಾತು: ಗೋಸುಂಬೆಗೆ ತಿನ್ನಲು ಕೊಡುವ, ಕ್ಯಾಲ್ಸಿಯಂ ಪುಡಿ ಸವರಿದ ಜೀರುಂಡೆಗಳು ತಪ್ಪಿಸಿಕೊಂಡು ಅಡುಗೆಮನೆ ಸೇರದಂತೆ ನೀವು ಏನು ಮಾಡುತ್ತೀರಿ? ಹೆಂಡತಿ ಒಪ್ಪುವುದು ಈ ಉತ್ತರದ ಮೇಲೆಯೇ ನಿಂತಿದೆ.